ಆಟ ಕೆಟ್ಟಿತೋ, ಯಂತ್ರ ಕೆಟ್ಟಿತೋ

ಕಂಪ್ಯೂಟರಿನ ಮುಂದೆ ಒಬ್ಬನೇ ಕುಳಿತು ಆಡುವ ಆಟ ನಡುವೆ ನಿಂತುಹೋದರೆ ಕೆಡುವುದು ಆಡುವವನ ಒಂದು ಸಂಜೆ ಮಾತ್ರ. ಆದರೆ ನಾಲ್ಕಾರು ಊರುಗಳಲ್ಲಿರುವ ಗೆಳೆಯರು ಹೆಡ್‌ಫೋನ್ ತೊಟ್ಟು, ಒಂದೇ ತಂಡವಾಗಿ ಆನ್‌ಲೈನಿನಲ್ಲಿ ಆಡುತ್ತಿರುವ ಪಂದ್ಯದ ನಿರ್ಣಾಯಕ ಘಳಿಗೆಯಲ್ಲಿ, ಅವರಲ್ಲೊಬ್ಬನ ಪರದೆ ಇದ್ದಕ್ಕಿದ್ದಂತೆ ಸ್ತಬ್ಧವಾಗಿ, ಮೌಸು ಕೀಬೋರ್ಡುಗಳು ಯಾವ ಆಜ್ಞೆಗೂ ಓಗೊಡದೆ ಹೋದಾಗ, ಆ ಕಷ್ಟ ಅವನೊಬ್ಬನದಾಗಿ ಉಳಿಯುವುದಿಲ್ಲ. ತಂಡ ಸೋಲುತ್ತದೆ, ಪಂದ್ಯವನ್ನು ಅರ್ಧಕ್ಕೆ ಬಿಟ್ಟುಹೋದ ಅಪರಾಧಕ್ಕಾಗಿ ಅನೇಕ ಆಟಗಳಲ್ಲಿ ಸರ್ವರೇ ಅವನಿಗೆ ದಂಡ ವಿಧಿಸಿ ಕೆಲಕಾಲ ಹೊರಗಿಡುತ್ತದೆ, ಗೆಳೆಯರ ನಿಷ್ಠುರ ಬೇರೆ. ಈ ಅವಮಾನದ ಬಿಸಿಯಲ್ಲಿ ಅವನು ಕೈಗೊಳ್ಳುವ ಪರಿಹಾರ ಬಹುಮಟ್ಟಿಗೆ ಯಾವಾಗಲೂ ಒಂದೇ: ಆಟವನ್ನು ಅಳಿಸಿಹಾಕಿ, ನೂರು ಜಿಬಿಯಷ್ಟನ್ನು ರಾತ್ರಿಯೆಲ್ಲ ಮತ್ತೆ ಡೌನ್‌ಲೋಡ್ ಮಾಡಿಕೊಳ್ಳುವುದು. ಅದರಿಂದಲೂ ಗುಣ ಕಾಣದಿದ್ದರೆ, ಬೀದಿಯ ತಿರುವಿನ ಕಂಪ್ಯೂಟರ್ ಅಂಗಡಿಯವರ ಸಲಹೆಯಂತೆ ಇಡೀ ಯಂತ್ರವನ್ನೇ ಫಾರ್ಮ್ಯಾಟ್ ಹೊಡೆಸುವುದು. ಇವೆರಡೂ ಪ್ರಾಯಶ್ಚಿತ್ತದ ಜಾತಿಗೆ ಸೇರಿದ ಕ್ರಿಯೆಗಳೇ ಹೊರತು ವಿಚಾರಣೆಯ ಜಾತಿಗೆ ಸೇರಿದವಲ್ಲ.

ಆಟ ನಿಲ್ಲುವ ಬಗೆಗಳಲ್ಲಿ ಭೇದವುಂಟು. ಮೊದಲು ಗಮನಿಸತಕ್ಕದ್ದು ಆ ಭೇದವನ್ನು. ನಿಮ್ಮ ಪಾತ್ರ ನೀವು ಹೇಳಿದಂತೆ ಓಡಾಡುತ್ತಿದೆ, ಆದರೆ ಉಳಿದ ಆಟಗಾರರೆಲ್ಲ ಗೋಡೆಗೆ ಮುಖವೊತ್ತಿ ನಿಂತಲ್ಲಿಯೇ ಹೆಜ್ಜೆ ಹಾಕುತ್ತಿದ್ದಾರೆ, ಎರಡು ಮೂರು ಕ್ಷಣಗಳ ಬಳಿಕ ಒಮ್ಮೆಲೇ ಬೇರೆ ಬೇರೆ ಜಾಗಗಳಿಗೆ ನೆಗೆಯುತ್ತಾರೆ ಎಂದಾದರೆ, ಅದು ಯಂತ್ರದ ದೋಷವಲ್ಲ, ದಾರಿಯ ದೋಷ. ಆನ್‌ಲೈನ್ ಆಟದ ನಿಜವಾದ ಜಗತ್ತು ಇರುವುದು ಸರ್ವರಿನಲ್ಲಿ. ಅಲ್ಲಿಂದ ಸೆಕೆಂಡಿಗೆ ಹತ್ತಾರು ಸಲ ಬರುವ ವರ್ತಮಾನವನ್ನು ಆಧರಿಸಿ ಮನೆಯ ಕಂಪ್ಯೂಟರು ಚಿತ್ರವನ್ನು ರಚಿಸುತ್ತದೆ, ವರ್ತಮಾನ ತಡವಾದಾಗ ಎಲ್ಲರೂ ಹಿಂದಿನ ದಿಕ್ಕಿನಲ್ಲಿಯೇ ಸಾಗುತ್ತಿರಬೇಕೆಂದು ಊಹಿಸುತ್ತದೆ, ಸತ್ಯ ಬಂದು ತಲಪಿದೊಡನೆ ಊಹೆಯನ್ನು ತಿದ್ದಿಕೊಳ್ಳುತ್ತದೆ. ಇಂಥಲ್ಲಿ ಗ್ರಾಫಿಕ್ಸ್ ಕಾರ್ಡನ್ನು ಸಂಶಯಿಸಿ ಪ್ರಯೋಜನವಿಲ್ಲ; ವೈಫೈ ಬಿಟ್ಟು ರೂಟರಿನಿಂದ ನೇರವಾಗಿ ಕೇಬಲ್ ಎಳೆದು ನೋಡಬೇಕು. ಇನ್ನು, ಹೊಸ ಆಟವನ್ನೋ ಹೊಸ ಡ್ರೈವರನ್ನೋ ಹಾಕಿದ ಮೊದಲ ದಿನ, ಹೊಸ ದೃಶ್ಯ ಎದುರಾದಾಗಲೆಲ್ಲ ಚಿತ್ರ ಅರೆಕ್ಷಣ ತಡೆದು ಮುಂದುವರಿಯುವುದುಂಟು. ಬೆಳಕು ನೆರಳುಗಳನ್ನು ಲೆಕ್ಕ ಹಾಕುವ ಶೇಡರುಗಳೆಂಬ ಕಿರುಪ್ರೋಗ್ರಾಮುಗಳನ್ನು ಯಂತ್ರವು ತನ್ನ ಕಾರ್ಡಿಗೆ ತಕ್ಕಂತೆ ಸಿದ್ಧಪಡಿಸಿಕೊಳ್ಳುವ ಹೊತ್ತು ಅದು. ಒಂದೆರಡು ದಿನಗಳಲ್ಲಿ ತಾನಾಗಿ ಶಮನವಾಗುತ್ತದೆ. ಇವೆರಡನ್ನು ಬದಿಗಿಟ್ಟರೆ ಉಳಿಯುವವು ನಿಜವಾದ ವಿಪತ್ತುಗಳು: ಆಟ ಮಾಯವಾಗಿ ಬರಿಯ ಡೆಸ್ಕ್‌ಟಾಪ್ ಕಾಣಿಸಿಕೊಳ್ಳುವುದು, ನೀಲಿ ಪರದೆ ಬರುವುದು, ಹಾಗೂ ಯಾವ ಸೂಚನೆಯೂ ಇಲ್ಲದೆ ಯಂತ್ರವೇ ಆರಿ ತಾನಾಗಿ ಮತ್ತೆ ಶುರುವಾಗುವುದು.

ಮಲೆನಾಡಿನ ಹೆಂಚಿನ ಮನೆಗಳಲ್ಲಿ ಬಾಳಿದವರಿಗೆ ಗೊತ್ತು, ಮಳೆಗಾಲದಲ್ಲಿ ನೀರು ತೊಟ್ಟಿಕ್ಕುವ ಜಾಗದ ನೇರ ಮೇಲೆಯೇ ಹೆಂಚು ಒಡೆದಿರಬೇಕೆಂಬ ನಿಯಮವಿಲ್ಲ. ಎಲ್ಲಿಯೋ ಒಳಹೊಕ್ಕ ನೀರು ಪಕಾಸಿಯ ಗುಂಟ ಹರಿದು ಬಂದು ಇನ್ನೆಲ್ಲಿಯೋ ಬೀಳುತ್ತದೆ. ಆಟದ ಕ್ರ್ಯಾಶ್ ಕೂಡ ಬಹುಪಾಲು ಇದೇ ಬಗೆಯದು. ಪ್ರೊಸೆಸರು, ರ‍್ಯಾಮು, ಗ್ರಾಫಿಕ್ಸ್ ಕಾರ್ಡು, ಇವೆಲ್ಲಕ್ಕೂ ವಿದ್ಯುತ್ ಒದಗಿಸುವ ಎಸ್‌ಎಂಪಿಎಸ್ಸು ಎಂಬ ನಾಲ್ಕನ್ನೂ ಏಕಕಾಲದಲ್ಲಿ, ಗಂಟೆಗಟ್ಟಲೆ, ಅವುಗಳ ಶಕ್ತಿಯ ಮೇರೆಯವರೆಗೆ ದುಡಿಸುವ ಕೆಲಸ ಸಾಮಾನ್ಯ ಮನೆಯೊಂದರಲ್ಲಿ ಆಟವಲ್ಲದೆ ಬೇರೊಂದಿಲ್ಲ. ಹೀಗಿರಲಾಗಿ, ಪತ್ರ ಬರೆಯುವಾಗ ಸಿನಿಮಾ ನೋಡುವಾಗ ಅಡಗಿಕೊಂಡಿದ್ದ ದೋಷ ಪ್ರಕಟವಾಗುವುದು ಆಟದ ವೇಳೆಯಲ್ಲಿಯೇ. ‘ಬೇರೆಲ್ಲ ಚೆನ್ನಾಗಿಯೇ ನಡೆಯುತ್ತದೆ, ಈ ಆಟವೊಂದೇ ಕೈಕೊಡುತ್ತದೆ’ ಎಂದು ಜನ ಪ್ರಮಾಣ ಮಾಡಿ ಹೇಳುವುದುಂಟು. ಮಾತು ನಿಜವೇ ಇರಬಹುದು. ಅದರಿಂದ ಆಟದ ಅಪರಾಧ ಸಿದ್ಧವಾಗುವುದಿಲ್ಲ.

ಈ ಸಂಗತಿಯನ್ನು ಆಟ ಬರೆಯುವವರೇ ಒಮ್ಮೆ ಅಳೆದು ನೋಡಿದ್ದಾರೆ. ಅಮೆರಿಕದ ಅರೀನಾನೆಟ್ ಸಂಸ್ಥೆ 2005ರಲ್ಲಿ ಗಿಲ್ಡ್ ವಾರ್ಸ್ ಎಂಬ ಆನ್‌ಲೈನ್ ಆಟವನ್ನು ಹೊರತಂದಿತು. ಆಟಗಾರರ ಯಂತ್ರಗಳಿಂದ ಬಂದು ಬೀಳುತ್ತಿದ್ದ ಕ್ರ್ಯಾಶ್ ವರದಿಗಳಲ್ಲಿ ಕೆಲವು, ಎಷ್ಟು ತಿರುವಿಹಾಕಿದರೂ ಅರ್ಥವಾಗುವಂತಿರಲಿಲ್ಲ. ಪ್ರೋಗ್ರಾಮಿನ ಆ ಸಾಲಿನಲ್ಲಿ ತಪ್ಪು ಘಟಿಸುವುದು ತರ್ಕಕ್ಕೆ ಅಸಾಧ್ಯವಾಗಿತ್ತು. ಆಗ ಸಂಸ್ಥೆಯ ಸ್ಥಾಪಕರಲ್ಲೊಬ್ಬರಾದ ಮೈಕ್ ಓಬ್ರಿಯನ್ ಆಟದ ಒಡಲಿನಲ್ಲಿಯೇ ಒಂದು ಪರೀಕ್ಷೆಯನ್ನು ಅಡಗಿಸಿಟ್ಟರು. ಆಟ ನಡೆಯುತ್ತಿರುವಂತೆಯೇ ಸೆಕೆಂಡಿಗೆ ಮೂವತ್ತರಿಂದ ಐವತ್ತು ಸಲ ಯಂತ್ರದ ಕೈಯಲ್ಲಿ ಒಂದಿಷ್ಟು ಲೆಕ್ಕ ಮಾಡಿಸಿ, ಬಂದ ಉತ್ತರವನ್ನು ಮೊದಲೇ ತಿಳಿದಿದ್ದ ಸರಿಯುತ್ತರದೊಡನೆ ತಾಳೆ ನೋಡುವುದು ಆ ಪರೀಕ್ಷೆಯ ಕೆಲಸ. ಆರೋಗ್ಯವಂತ ಯಂತ್ರ ಇದರಲ್ಲಿ ಒಮ್ಮೆಯೂ ಸೋಲಕೂಡದು. ಆದರೆ ಅವರ ಸಹಸ್ಥಾಪಕ ಪ್ಯಾಟ್ರಿಕ್ ವ್ಯಾಟ್ ಬಳಿಕ ಬರೆದಿರುವಂತೆ, ಆಟವಾಡುತ್ತಿದ್ದ ಯಂತ್ರಗಳಲ್ಲಿ ಶೇಕಡ 1ರಷ್ಟು ಸೋತವು; ಎಂದರೆ ಕೂಡುವುದು ಕಳೆಯುವುದರಲ್ಲಿಯೇ ತಪ್ಪುತ್ತಿದ್ದ ಯಂತ್ರಗಳು ನೂರಕ್ಕೊಂದರಂತೆ ಜನರ ಮನೆಗಳಲ್ಲಿ, ಯಾರ ಗಮನಕ್ಕೂ ಬಾರದೆ, ಕೆಲಸ ಮಾಡಿಕೊಂಡಿದ್ದವು. ಮಿತಿಮೀರಿದ ವೇಗಕ್ಕೆ ಏರಿಸಿದ ಪ್ರೊಸೆಸರು, ತಪ್ಪಾಗಿ ಹೊಂದಿಸಿದ ಮೆಮೊರಿ, ಸಾಲದ ಎಸ್‌ಎಂಪಿಎಸ್ಸು, ಧೂಳಿನಿಂದ ಕಟ್ಟಿಕೊಂಡು ಬಿಸಿಯೇರುವ ಪೆಟ್ಟಿಗೆ—ಕಾರಣಗಳು ಇವೇ. ಪರೀಕ್ಷೆಯಲ್ಲಿ ಸೋತ ಯಂತ್ರದಲ್ಲಿ ಆಟವು ತಾನೇ ಮುಚ್ಚಿಕೊಂಡು, ದೋಷ ನಿಮ್ಮ ಹಾರ್ಡ್‌ವೇರಿನಲ್ಲಿದೆ ಎಂದು ತಿಳಿಸುವ ಪುಟವನ್ನು ತೆರೆದಿಡುತ್ತಿತ್ತು. ಆಟಗಾರರಿಗೆ ಅದೆಷ್ಟು ಕಹಿಯಾಗಿದ್ದಿರಬೇಕು!

ಅದೇ 2005ರಲ್ಲಿ ಮೈಕ್ರೋಸಾಫ್ಟಿನ ರೇಮಂಡ್ ಚೆನ್ ಎಂಬವರೂ ಇದನ್ನೇ ಹೋಲುವ ಅನುಭವವನ್ನು ಬರೆದಿಟ್ಟರು: ವಿಂಡೋಸಿನ ಕ್ರ್ಯಾಶ್ ವರದಿಗಳಲ್ಲಿ ಅಸಂಭವವೆನಿಸಿದ ಕೆಲವನ್ನು ಬೆನ್ನಟ್ಟಿ ಹೋದಾಗ ಸಿಕ್ಕಿದ್ದು ಓವರ್‌ಕ್ಲಾಕ್ ಮಾಡಿದ, ಎಂದರೆ ನಿಗದಿತ ವೇಗಕ್ಕಿಂತ ಮೇಲೇರಿಸಿದ, ಯಂತ್ರಗಳು, ಮತ್ತು ಆ ಯಂತ್ರಗಳ ಒಡೆಯರಲ್ಲಿ ಕೆಲವರಿಗೆ ಅಂಗಡಿಯವರು ಅವನ್ನು ಹಾಗೆ ಮಾಡಿ ಮಾರಿದ್ದಾರೆಂಬ ಅರಿವೇ ಇರಲಿಲ್ಲ. ‘ನಾನು ಏನನ್ನೂ ಮುಟ್ಟಿಲ್ಲ’ ಎಂಬ ಮಾತನ್ನು ಇಂದು ಇನ್ನಷ್ಟು ಎಚ್ಚರದಿಂದ ಸ್ವೀಕರಿಸಬೇಕಾಗಿದೆ. ಏಕೆಂದರೆ ಇಂದು ಈ ಏರಿಕೆಯನ್ನು ಮದರ್‌ಬೋರ್ಡಿನ ಕಾರ್ಖಾನೆಯೇ ಎಷ್ಟೋ ವೇಳೆ ಮಾಡಿ ಕಳುಹಿಸುತ್ತದೆ. ಡಬ್ಬಿಯ ಮೇಲೆ ಅಚ್ಚಾದ ವೇಗದಲ್ಲಿ ರ‍್ಯಾಮನ್ನು ಓಡಿಸುವ ಎಕ್ಸ್‌ಎಂಪಿ ಎಂಬ ಏರ್ಪಾಡು ಕೂಡ ಲೆಕ್ಕಪ್ರಕಾರ ಓವರ್‌ಕ್ಲಾಕೇ.

ಈ ಮಾತಿನ ಸತ್ಯ ತೀರ ಈಚೆಗೆ, ದುಬಾರಿ ಬೆಲೆ ತೆತ್ತವರ ಮನೆಗಳಲ್ಲಿಯೇ ಪ್ರತ್ಯಕ್ಷವಾಯಿತು. ಇಂಟೆಲ್ಲಿನ 13 ಮತ್ತು 14ನೆಯ ಪೀಳಿಗೆಯ ಉನ್ನತ ಪ್ರೊಸೆಸರುಗಳುಳ್ಳ ಯಂತ್ರಗಳಲ್ಲಿ, ಅನ್‌ರಿಯಲ್ ಎಂಜಿನ್ನಿನಿಂದ ನಿರ್ಮಿತವಾದ ಅನೇಕ ಆಟಗಳು ಆರಂಭದಲ್ಲಿಯೇ ಕುಸಿಯತೊಡಗಿದವು. ಪರದೆಯ ಮೇಲೆ ಬರುತ್ತಿದ್ದ ಸೂಚನೆ ‘ಔಟ್ ಆಫ್ ವಿಡಿಯೋ ಮೆಮೊರಿ’ ಎಂದು. ಇದನ್ನು ಓದಿದ ಯಾವ ವಿವೇಕಿಯಾದರೂ ಗ್ರಾಫಿಕ್ಸ್ ಕಾರ್ಡನ್ನಲ್ಲದೆ ಇನ್ನಾವುದನ್ನು ಸಂಶಯಿಸಬೇಕು? ಜನ ಡ್ರೈವರು ಬದಲಿಸಿದರು, ಆಟವನ್ನು ಮತ್ತೆ ಮತ್ತೆ ಹಾಕಿದರು, ಕಾರ್ಡನ್ನೇ ಹಿಂದಿರುಗಿಸಿದವರೂ ಇದ್ದಾರು. ದೋಷ ಇದ್ದುದು ಪ್ರೊಸೆಸರಿನಲ್ಲಿ. ಆಟ ಶುರುವಾಗುವಾಗ, ಒತ್ತಿ ಚಿಕ್ಕದು ಮಾಡಿ ಇಟ್ಟಿರುವ ಶೇಡರುಗಳನ್ನು ಬಿಚ್ಚುವ ಕಾರ್ಯವನ್ನು ಊಡ್ಲ್ ಎಂಬ ತಂತ್ರಾಂಶ ಮಾಡುತ್ತದೆ. ಬಿಚ್ಚಿದ ದತ್ತಾಂಶ ಸರಿಯಾಗಿದೆಯೇ ಎಂದು ಅದು ಕಟ್ಟುನಿಟ್ಟಾಗಿ ತಾಳೆ ನೋಡುವುದರಿಂದ, ಪ್ರೊಸೆಸರಿನ ತಪ್ಪು ಲೆಕ್ಕ ಮೊದಲು ಸಿಕ್ಕಿಬೀಳುತ್ತಿದ್ದುದು ಅಲ್ಲಿ. ಅಲ್ಲಿ ಎದ್ದ ಆಕ್ಷೇಪ ಆಟದ ಹಲವು ಪದರಗಳನ್ನು ಹಾದು ಹೊರಗೆ ಬರುವಷ್ಟರಲ್ಲಿ ವಿಡಿಯೋ ಮೆಮೊರಿಯ ಕೊರತೆಯೆಂಬ ವೇಷ ತೊಟ್ಟಿರುತ್ತಿತ್ತು. ಪ್ರೊಸೆಸರಿನ ವೇಗವನ್ನು ಸ್ವಲ್ಪ ತಗ್ಗಿಸಿದೊಡನೆ ಆಟ ಸುಸೂತ್ರವಾಗಿ ನಡೆಯುತ್ತಿದ್ದುದೇ ಇದಕ್ಕೆ ಪ್ರಮಾಣ. ಪ್ರೊಸೆಸರು ಅಗತ್ಯಕ್ಕಿಂತ ಹೆಚ್ಚಿನ ವೋಲ್ಟೇಜನ್ನು ಕೇಳಿ ಪಡೆಯುತ್ತಿತ್ತೆಂದೂ, ಅದರಿಂದ ಕಾಲಕ್ರಮದಲ್ಲಿ ಒಳಗಿನ ಮಂಡಲ ಸವೆಯುತ್ತಿತ್ತೆಂದೂ 2024ರಲ್ಲಿ ಇಂಟೆಲ್ ಒಪ್ಪಿಕೊಂಡಿತು. ಆಗಸ್ಟಿನಲ್ಲಿ 0ಎಕ್ಸ್129 ಎಂಬ ಮೈಕ್ರೋಕೋಡನ್ನು, ಎಂದರೆ ಪ್ರೊಸೆಸರಿನ ಒಳಸೂಚನೆಗಳ ತಿದ್ದುಪಡಿಯನ್ನು, ಮದರ್‌ಬೋರ್ಡುಗಳ ಬಯೋಸ್ ಮೂಲಕ ಕಳುಹಿಸಿತು, ವಾರಂಟಿಯನ್ನು 2 ವರ್ಷ ಹಿಗ್ಗಿಸಿತು. ಆ ಮೈಕ್ರೋಕೋಡ್ ಮುಂದಿನ ಹಾನಿಯನ್ನು ತಡೆಯಬಲ್ಲುದೇ ಹೊರತು ಆಗಲೇ ಸವೆದ ಪ್ರೊಸೆಸರನ್ನು ಚೇತರಿಸಲಾರದು. ಈ ಪೀಳಿಗೆಯ ಯಂತ್ರ ಮನೆಯಲ್ಲಿದ್ದವರು ಬಯೋಸನ್ನು ಹೊಸದು ಮಾಡಿದ್ದಾರೋ ಇಲ್ಲವೋ ನೋಡಿಕೊಳ್ಳುವುದೂ, ಬಿಲ್ಲನ್ನು ಜೋಪಾನವಾಗಿ ಇಟ್ಟಿರುವುದೂ ಲೇಸು.

ಪರದೆಯ ಸೂಚನೆ ಹೀಗೆ ದಾರಿ ತಪ್ಪಿಸಬಲ್ಲುದಾದರೆ, ನಂಬತಕ್ಕ ಸಾಕ್ಷ್ಯ ಯಾವುದು? ವಿಂಡೋಸ್ ತಾನೇ ಒಂದು ದಿನಚರಿಯನ್ನು ಬರೆದಿಡುತ್ತದೆ. ಇದನ್ನು ತೆರೆದು ನೋಡುವವರು ವಿರಳ. ಸ್ಟಾರ್ಟ್ ಗುಂಡಿಯೊತ್ತಿ ‘ರಿಲಯಬಿಲಿಟಿ’ ಎಂದು ಟೈಪ್ ಮಾಡಿದರೆ ದಿನಕ್ಕೊಂದು ಕಂಬಸಾಲಿನಂತೆ ಪಟವೊಂದು ಬರುತ್ತದೆ. ಕೆಟ್ಟ ದಿನಗಳ ಕೆಳಗೆ ಕೆಂಪು ವೃತ್ತದೊಳಗೆ ಬಿಳಿಯ ಅಡ್ಡಗೀಟುಗಳು. ಆ ಗುರುತಿನ ಮೇಲೆ ಒತ್ತಿದರೆ ಯಾವ ಪ್ರೋಗ್ರಾಮು, ಎಷ್ಟು ಗಂಟೆಗೆ, ಯಾವ ಮಾಡ್ಯೂಲಿನಲ್ಲಿ ಬಿತ್ತು ಎಂಬುದೆಲ್ಲ ಕಾಣುತ್ತದೆ. ಇಲ್ಲಿ ಒಂದೇ ಒಂದು ದಾಖಲೆಯಿಂದ ತೀರ್ಮಾನಕ್ಕೆ ಬರಬಾರದು. ನಾಲ್ಕಾರನ್ನು ಪಕ್ಕಪಕ್ಕಕ್ಕಿಟ್ಟು ನೋಡಬೇಕು. ಪ್ರತಿಸಲವೂ ಅದೇ ಮಾಡ್ಯೂಲು, ಆಟದ ಅದೇ ಭೂಪಟ, ಅದೇ ಸನ್ನಿವೇಶ ಎಂದಿದ್ದರೆ ಸಂಶಯ ತಂತ್ರಾಂಶದ ಕಡೆಗೆ ವಾಲುತ್ತದೆ. ಇಂದು ಒಂದು ಮಾಡ್ಯೂಲು, ನಾಳೆ ಇನ್ನೊಂದು, ನಾಡಿದ್ದು ಆಟವೇ ಅಲ್ಲದೆ ಬ್ರೌಸರು—ಹೀಗೆ ಗೊತ್ತುಗುರಿಯಿಲ್ಲದೆ ಬೀಳುತ್ತಿದ್ದು, ‘ಆ್ಯಕ್ಸೆಸ್ ವಯೊಲೇಶನ್’ ಎಂಬ ಒಕ್ಕಣೆ ಎಲ್ಲದರಲ್ಲಿಯೂ ಮರುಕಳಿಸುತ್ತಿದ್ದರೆ, ರ‍್ಯಾಮಿನ ಮೇಲೆ ಕಣ್ಣಿಡುವುದು ಯುಕ್ತ. ಚಿತ್ರ ಸ್ತಬ್ಧವಾಗಿ, ಪರದೆ ಕಪ್ಪಾಗಿ, ಮತ್ತೆ ಮರಳಿ, ‘ಡಿಸ್‌ಪ್ಲೇ ಡ್ರೈವರ್ ಸ್ಟಾಪ್ಡ್ ರೆಸ್ಪಾಂಡಿಂಗ್’ ಎಂದು ವಿಂಡೋಸಿನದೇ ಇನ್ನೊಂದು ದಾಖಲೆಯಾದ ಈವೆಂಟ್ ವ್ಯೂಯರಿನಲ್ಲಿ 4101ನೆಯ ಸಂಖ್ಯೆಯಡಿ ದಾಖಲಾದರೆ ಅದರ ಅರ್ಥ, ಗ್ರಾಫಿಕ್ಸ್ ಕಾರ್ಡು ಕೊಟ್ಟ ಕೆಲಸಕ್ಕೆ 2 ಸೆಕೆಂಡುಗಳೊಳಗೆ ಉತ್ತರಿಸಲಿಲ್ಲ, ಆದುದರಿಂದ ವಿಂಡೋಸ್ ಅದನ್ನು ಬಲಾತ್ಕಾರವಾಗಿ ಮತ್ತೆ ಎಬ್ಬಿಸಿತು ಎಂದಷ್ಟೆ. ವಿಸ್ಟಾದ ಕಾಲದಿಂದ ಬಂದಿರುವ ಏರ್ಪಾಡು ಇದು. ಉತ್ತರಿಸದೆ ಇದ್ದುದೇಕೆಂಬುದು ಬೇರೆಯೇ ಪ್ರಶ್ನೆ. ಈ 2 ಸೆಕೆಂಡಿನ ಗಡುವನ್ನು ರಿಜಿಸ್ಟ್ರಿಯಲ್ಲಿ 8ಕ್ಕೋ 10ಕ್ಕೋ ಏರಿಸಿಕೊಳ್ಳಿರೆಂದು ಉಪದೇಶಿಸುವವರು ಅನೇಕರಿದ್ದಾರೆ; ಅದರಿಂದ ದೋಷ ಹೋಗುವುದಿಲ್ಲ, ಕಾಯುವ ಹೊತ್ತು ಹೆಚ್ಚಾಗುತ್ತದೆ.

ಕಾರಣ ಹುಡುಕುವಾಗ ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಬೇಕೆಂಬುದು ಕೇಳಲು ಸುಲಭ, ಪಾಲಿಸಲು ಕಷ್ಟ. ಡ್ರೈವರನ್ನೂ ಬಯೋಸನ್ನೂ ಆಟದ ಸೆಟ್ಟಿಂಗನ್ನೂ ಒಂದೇ ರಾತ್ರಿ ಬದಲಿಸಿ ಗುಣ ಕಂಡವನಿಗೆ ಯಾವುದರಿಂದ ಗುಣವಾಯಿತೆಂದು ತಿಳಿಯದು, ಮರಳಿ ಕೆಟ್ಟಾಗ ಎಲ್ಲಿಂದ ತೊಡಗಬೇಕೆಂದೂ ತಿಳಿಯದು. ನನ್ನ ಅಭಿಪ್ರಾಯದಲ್ಲಿ ಮೊದಲು ಕೈಗೊಳ್ಳಬೇಕಾದುದು ಎಲ್ಲಕ್ಕಿಂತ ಅಗ್ಗವಾದುದು: ಆಟದ ಫೈಲುಗಳನ್ನು ಅಳಿಸದೆ ತಾಳೆ ನೋಡುವುದು. ಸ್ಟೀಮಿನಲ್ಲಿ ಆಟದ ಹೆಸರಿನ ಮೇಲೆ ಬಲಗುಂಡಿಯೊತ್ತಿ ಪ್ರಾಪರ್ಟೀಸ್ ತೆರೆದರೆ ‘ವೆರಿಫೈ’ ಎಂಬ ಆಯ್ಕೆ ದೊರೆಯುತ್ತದೆ. ಕೆಟ್ಟ ಫೈಲುಗಳನ್ನಷ್ಟೇ ಅದು ಮತ್ತೆ ತರಿಸಿಕೊಳ್ಳುತ್ತದೆ. ಆಮೇಲೆ ಆಟದ ಮೇಲೆ ತೇಲುವ ಓವರ್‌ಲೇಗಳನ್ನು, ಎಂದರೆ ಡಿಸ್ಕಾರ್ಡಿನದು, ರೆಕಾರ್ಡಿಂಗಿನದು, ಫ್ರೇಮುಗಳ ಲೆಕ್ಕ ತೋರಿಸುವುದು ಇವನ್ನೆಲ್ಲ, ಮುಚ್ಚಿ ನೋಡುವುದು. ಆಟದೊಳಕ್ಕೆ ತೂರಿಕೊಂಡು ಚಿತ್ರ ಬರೆಯುವ ಇವುಗಳಿಗೂ ಮೋಸ ತಡೆಯುವ ಆ್ಯಂಟಿ-ಚೀಟಿಗೂ ಆಗಾಗ ವಿರಸ ಉಂಟಾಗುತ್ತದೆ. ಅನಂತರ ಬಯೋಸಿನಲ್ಲಿ ಎಕ್ಸ್‌ಎಂಪಿಯನ್ನೂ ಮಿಕ್ಕ ಏರಿಕೆಗಳನ್ನೂ ತೆಗೆದು ಒಂದೆರಡು ದಿನ ಆಡುವುದು. ಇದರಿಂದ ಕ್ರ್ಯಾಶ್ ನಿಂತರೆ ಮುಕ್ಕಾಲು ಪಾಲು ಪತ್ತೆ ಮುಗಿದಂತೆಯೇ. ನಿಲ್ಲದಿದ್ದರೆ ಪೆನ್‌ಡ್ರೈವಿನಿಂದ ಮೆಮ್‌ಟೆಸ್ಟ್86 ಹಚ್ಚಿ ರಾತ್ರಿಯಿಡೀ ಓಡಲು ಬಿಡುವುದು. ಬೆಳಗ್ಗೆ ಒಂದೇ ಒಂದು ತಪ್ಪು ಕಂಡರೂ ರ‍್ಯಾಮಿನ ಪಟ್ಟಿಗಳನ್ನು ಒಂದೊಂದಾಗಿ ಕಿತ್ತು ಪರೀಕ್ಷಿಸಬೇಕು. ಗ್ರಾಫಿಕ್ಸ್ ಡ್ರೈವರಿನ ಸರದಿ ಬರುವುದು ಇಷ್ಟಾದ ಮೇಲೆ: ಸೇಫ್ ಮೋಡಿನಲ್ಲಿ ಡಿಸ್‌ಪ್ಲೇ ಡ್ರೈವರ್ ಅನ್‌ಇನ್‌ಸ್ಟಾಲರ್ ಎಂಬ ಉಪಕರಣದಿಂದ ಹಳೆಯದನ್ನು ಬುಡಸಮೇತ ತೆಗೆದು, ಹೊಸದು ಕೆಡುಕಾಗಿದ್ದರೆ ಹಿಂದಿನ ಆವೃತ್ತಿಯನ್ನೇ ಹಾಕಿಕೊಳ್ಳಬೇಕು. ಹೊಸದೇ ಯಾವಾಗಲೂ ಮೇಲೆಂಬ ನಂಬಿಕೆ ಈ ವಿಷಯದಲ್ಲಿ ಸಲ್ಲದು.

ಸೂಚನೆಯಿಲ್ಲದೆ ಯಂತ್ರವೇ ಆರಿಹೋಗುವ ಬಗೆಯೊಂದು ಉಳಿದಿದೆ. ನಮ್ಮ ಊರುಗಳ ಮಟ್ಟಿಗೆ ಇದರ ವಿಚಾರವನ್ನು ಸ್ವಲ್ಪ ವಿಸ್ತರಿಸಿ ಹೇಳಬೇಕು. ಇಂಥ ಪ್ರಸಂಗದ ಬಳಿಕ ದಾಖಲೆಯಲ್ಲಿ ಕಾಣುವುದು ‘ಕರ್ನಲ್-ಪವರ್ 41’ ಎಂಬ ಒಂದೇ ಸಾಲು. ಯಂತ್ರ ಸರಿಯಾಗಿ ಮುಚ್ಚಿಕೊಳ್ಳದೆ ಆರಿತೆಂಬುದಕ್ಕಿಂತ ಹೆಚ್ಚಿನದೇನನ್ನೂ ಅದು ಹೇಳುವುದಿಲ್ಲ. ಬಹಳ ಮನೆಗಳಲ್ಲಿ ಕಂಪ್ಯೂಟರಿಗೆ ಪ್ರತ್ಯೇಕ ಯುಪಿಎಸ್ ಇರುವುದಿಲ್ಲ, ಇಡೀ ಮನೆಯ ಇನ್ವರ್ಟರಿನ ಲೈನಿಗೇ ಅದನ್ನೂ ಸೇರಿಸಿರುತ್ತಾರೆ. ಇನ್ವರ್ಟರಿನ ಬೆನ್ನಿನ ಕಡೆ, ಬ್ಯಾಟರಿಯ ವೈರುಗಳ ಸಮೀಪದಲ್ಲಿ, ಧೂಳು ಮುಸುಕಿದ ಪುಟ್ಟ ಸ್ವಿಚ್ಚೊಂದಿರುತ್ತದೆ: ಒಂದು ಕಡೆ ‘ಯುಪಿಎಸ್’, ಇನ್ನೊಂದು ಕಡೆ ‘ಇಕೋ’ ಅಥವಾ ‘ನಾರ್ಮಲ್’. ಇಕೋದಲ್ಲಿದ್ದರೆ ಕರೆಂಟು ಹೋದಾಗ ಬ್ಯಾಟರಿಗೆ ಬದಲಾಗುವ ವೇಗ ಕಡಮೆ. ಫ್ಯಾನಿಗೂ ದೀಪಕ್ಕೂ ಅದರಿಂದ ಬಾಧಕವಿಲ್ಲ. ಆದರೆ ಪೂರ್ಣ ಹೊರೆಯಲ್ಲಿರುವ ಎಸ್‌ಎಂಪಿಎಸ್ಸು ಹೊರಗಿನ ವಿದ್ಯುತ್ತಿಲ್ಲದೆ ತಾಳಿಕೊಳ್ಳುವುದು ಸುಮಾರಾಗಿ ಸೆಕೆಂಡಿನ ಅರುವತ್ತನೆಯ ಒಂದು ಪಾಲು. ಹೊರೆ ಕಡಮೆಯಿದ್ದರೆ ಇನ್ನಷ್ಟು ಹೊತ್ತು ತಾಳೀತು. ಆದುದರಿಂದಲೇ ಲೇಖನ ಬರೆಯುತ್ತಿದ್ದಾಗ ಕರೆಂಟು ಹೋಗಿ ಬಂದುದನ್ನು ಗಮನಿಸಿಯೂ ಗಮನಿಸದಂತೆ ದಾಟಿಬಿಡುವ ಅದೇ ಯಂತ್ರ, ಆಟದ ನಡುವೆ ಅಷ್ಟೇ ಅಲ್ಪವಾದ ಅಡಚಣೆಗೆ ತಟಕ್ಕನೆ ಆರಿಹೋಗುತ್ತದೆ. ಆ ಸ್ವಿಚ್ಚನ್ನು ಯುಪಿಎಸ್ ಕಡೆಗೆ ಸರಿಸಿದ್ದರಿಂದಲೇ ಮುಗಿದುಹೋದ ‘ಗೇಮ್ ಕ್ರ್ಯಾಶ್’ಗಳೂ ಇರಲು ಸಾಕು. ಕರೆಂಟು ಸ್ಥಿರವಾಗಿದ್ದೂ ಹೀಗಾಗುತ್ತಿದ್ದರೆ ಎಸ್‌ಎಂಪಿಎಸ್ಸಿನ ಶಕ್ತಿಯನ್ನೇ ಸಂಶಯಿಸಬೇಕು. ಈಚಿನ ಗ್ರಾಫಿಕ್ಸ್ ಕಾರ್ಡುಗಳು ಕಣ್ಣಿಗೂ ಮೀಟರಿಗೂ ಸಿಕ್ಕದಷ್ಟು ಅಲ್ಪ ಕಾಲ ತಮ್ಮ ಸರಾಸರಿಗಿಂತ ಬಹಳ ಹೆಚ್ಚು ವಿದ್ಯುತ್ತನ್ನು ಎಳೆಯುತ್ತವೆ. 2022ರ ಎಟಿಎಕ್ಸ್ 3.0 ನಿಯಮಾವಳಿ, ಎಸ್‌ಎಂಪಿಎಸ್ಸು ತನ್ನ ಮೇಲೆ ಬರೆದಿರುವ ಸಾಮರ್ಥ್ಯದ ಇಮ್ಮಡಿಯನ್ನು 100 ಮೈಕ್ರೋಸೆಕೆಂಡುಗಳ ಕಾಲ ತಡೆದುಕೊಳ್ಳಬೇಕೆಂದು ವಿಧಿಸಿರುವುದು ಈ ಕಾರಣದಿಂದ.

ಆಟ ನಿಂತುಹೋಗುವುದಕ್ಕೆ ಏಪ್ರಿಲ್ ಮೇ ತಿಂಗಳುಗಳ ಸೆಕೆಯನ್ನು ಎಲ್ಲರೂ ದೂರುತ್ತಾರೆ. ಆದರೆ ಬಿಸಿಯಿಂದ ಆಟ ಮೊದಲು ನಿಧಾನವಾಗುತ್ತದೆ, ಬೀಳುವುದು ಆಮೇಲೆ. ಪ್ರೊಸೆಸರು 100 ಡಿಗ್ರಿಯ ಸಮೀಪಕ್ಕೆ ಬಂದಾಗ ತಾನಾಗಿ ವೇಗ ತಗ್ಗಿಸಿಕೊಳ್ಳುವಂತೆ ಅದರ ರಚನೆಯಿದೆ. ಪೆಟ್ಟಿಗೆಯ ಧೂಳು ತೆಗೆಯುವುದರಿಂದ ಯಾರಿಗೂ ಕೆಡುಕಿಲ್ಲ, ತೆಗೆಯಲಿ.

ಇಷ್ಟು ಹೇಳಿದ ಮಾತ್ರಕ್ಕೆ ಆಟಗಳೆಲ್ಲ ನಿರ್ದೋಷಿಗಳೆಂದು ತೀರ್ಪಿತ್ತಂತಾಗಲಿಲ್ಲ. 2021ರ ಜುಲೈಯಲ್ಲಿ ಅಮೆಜಾನಿನ ನ್ಯೂ ವರ್ಲ್ಡ್ ಎಂಬ ಆನ್‌ಲೈನ್ ಆಟ ಪ್ರಯೋಗಾರ್ಥವಾಗಿ ತೆರೆದಾಗ, ಬೆಲೆಬಾಳುವ ಆರ್‌ಟಿಎಕ್ಸ್ 3090 ಕಾರ್ಡುಗಳು ಕೆಲವು ಸುಟ್ಟೇಹೋದವು. ಕಾರ್ಡುಗಳನ್ನು ತಯಾರಿಸಿದ ಇವಿಜಿಎ ಪರೀಕ್ಷಿಸಿ, ವಿದ್ಯುತ್ತನ್ನು ನಿಯಂತ್ರಿಸುವ ಮಾಸ್‌ಫೆಟ್ಟುಗಳ ಸುತ್ತಲಿನ ಬೆಸುಗೆ ದೋಷಯುಕ್ತವಾಗಿತ್ತೆಂದು ಹೇಳಿ, ಬದಲಿ ಕಾರ್ಡುಗಳನ್ನು ಕೊಟ್ಟಿತು. ಆದರೆ ಆಟದ ಮೆನುವಿನಲ್ಲಿ, ಬರಿಯ ನಿಶ್ಚಲ ಪುಟದ ಎದುರಿನಲ್ಲಿ, ಫ್ರೇಮುಗಳಿಗೆ ಮಿತಿಯನ್ನೇ ಇಡದೆ ಕಾರ್ಡನ್ನು ನೂರಾರು ಫ್ರೇಮುಗಳ ವೇಗದಲ್ಲಿ ಓಡಲು ಬಿಟ್ಟಿದ್ದುದೂ ನಿಜ. ಅಮೆಜಾನ್ ಅವಸರದಿಂದ ಒಂದು ಮಿತಿಯನ್ನು ಹಾಕಿತು. ತಪ್ಪು ಇಬ್ಬರಿಗೂ ಹಂಚಿಹೋದ ಪ್ರಸಂಗ ಇದು. 2024ರ ಕೊನೆಯಲ್ಲಿ ವಿಂಡೋಸ್ 11ರ 24ಎಚ್2 ಆವೃತ್ತಿ ಬಂದಾಗ ಯೂಬಿಸಾಫ್ಟಿನ ಅಸ್ಯಾಸಿನ್ಸ್ ಕ್ರೀಡ್ ಮಾಲೆಯ ಕೆಲವು ಆಟಗಳು ಸ್ತಬ್ಧವಾಗತೊಡಗಿ, ಅವುಗಳಿದ್ದ ಯಂತ್ರಗಳಿಗೆ ಆ ಆವೃತ್ತಿಯನ್ನು ಕಳುಹಿಸುವುದನ್ನೇ ಮೈಕ್ರೋಸಾಫ್ಟ್ ಕೆಲಕಾಲ ತಡೆಹಿಡಿಯಿತು. ಅಂಥ ವೇಳೆ ಮನೆಯಲ್ಲಿ ಕುಳಿತವನು ಸ್ಕ್ರೂಡ್ರೈವರ್ ಹಿಡಿದು ಮಾಡಬೇಕಾದುದೇನೂ ಇಲ್ಲ, ತೇಪೆ ಬರುವವರೆಗೆ ಕಾಯುವುದೇ ಕೆಲಸ.

ಜನ ತಮ್ಮ ಯಂತ್ರವನ್ನು ವೃಥಾ ಬೈದುಕೊಂಡ ಪ್ರಸಂಗವೂ ಉಂಟು, ಮತ್ತು ಅದು ಎಲ್ಲಕ್ಕಿಂತ ದೀರ್ಘವಾದುದು. 2015ರಲ್ಲಿ ಪಿಸಿಗೆ ಬಂದ ಜಿಟಿಎ ಆನ್‌ಲೈನ್ ಶುರುವಾಗಲು ಕೆಲವರ ಮನೆಗಳಲ್ಲಿ ಐದಾರು ನಿಮಿಷ ಹಿಡಿಯುತ್ತಿತ್ತು. ಹ್ಯಾಂಗ್ ಆಯಿತೆಂದೇ ಭಾವಿಸಿ ಮುಚ್ಚಿಬಿಡುವಷ್ಟು ಹೊತ್ತು. ಡಿಸ್ಕು ನಿಧಾನ, ಪ್ರೊಸೆಸರು ಹಳತು ಎಂದು ಆಟಗಾರರು ವರ್ಷಗಟ್ಟಲೆ ಸಮಾಧಾನ ಹೇಳಿಕೊಂಡರು. 2021ರ ಫೆಬ್ರುವರಿಯಲ್ಲಿ ಒಬ್ಬ ಪ್ರೋಗ್ರಾಮರ್, ಆ ಇಡೀ ಹೊತ್ತು ಪ್ರೊಸೆಸರಿನ ಒಂದೇ ಕೋರ್ ಬೆವರುತ್ತಿದ್ದು ಉಳಿದೆಲ್ಲವೂ ಸುಮ್ಮನಿರುವುದನ್ನು ಕಂಡು, ಆಟದ ಒಳಹೊಕ್ಕು ಪರಿಶೀಲಿಸಿದರು. ಅಂಗಡಿಯ ಸುಮಾರು 63,000 ವಸ್ತುಗಳ ವಿವರವುಳ್ಳ 10 ಎಂಬಿಯ ಪಟ್ಟಿಯೊಂದನ್ನು ಆಟ ಓದುತ್ತಿತ್ತು. ಓದುವಾಗ ಒಂದೊಂದು ಮೌಲ್ಯಕ್ಕೂ ಪಟ್ಟಿಯ ಕೊನೆಯವರೆಗೆ ಅಕ್ಷರಗಳನ್ನು ಮೊದಲಿನಿಂದ ಎಣಿಸುತ್ತಿತ್ತು, ಆಮೇಲೆ ಒಂದೊಂದು ವಸ್ತುವನ್ನೂ ಅದಕ್ಕೆ ಮೊದಲು ಓದಿದ ಎಲ್ಲ ವಸ್ತುಗಳೊಡನೆ ಹೋಲಿಸಿ ನೋಡುತ್ತಿತ್ತು. ಅವರು ಬರೆದ ಸಣ್ಣ ತಿದ್ದುಪಡಿಯಿಂದ ಅವರ ಯಂತ್ರದಲ್ಲಿ 6 ನಿಮಿಷದ ಕಾಯುವಿಕೆ 2 ನಿಮಿಷಕ್ಕಿಂತ ಕೆಳಗಿಳಿಯಿತು. ಆಟವನ್ನು ಹೊರತಂದ ರಾಕ್‌ಸ್ಟಾರ್ ಸಂಸ್ಥೆ ಮರುತಿಂಗಳೇ ಆ ತಿದ್ದುಪಡಿಯನ್ನು ಅಂಗೀಕರಿಸಿ, ಅವರಿಗೆ 10,000 ಡಾಲರ್ ಬಹುಮಾನ ಕೊಟ್ಟಿತು.